ಚುಕ್ಕಾಣಿಯೂ ನಾವಿಕನೂ: ಭಾಷಾ ಮಾದರಿಗಳ ಒಳಗನ್ನು ಓದುವ ಯತ್ನಕ್ಕೆ ಒಂದು ದೇವಶಾಸ್ತ್ರೀಯ ವಿಮರ್ಶೆ

ಅಮೆರಿಕದ ಆಂಥ್ರೊಪಿಕ್ ಸಂಸ್ಥೆಯ ಸಂಶೋಧಕರು 2024ರ ಮೇ ತಿಂಗಳಲ್ಲಿ ‘ಸ್ಕೇಲಿಂಗ್ ಮೊನೊಸೆಮ್ಯಾಂಟಿಸಿಟಿ’ ಎಂಬ ದೀರ್ಘ ಪ್ರಬಂಧವೊಂದನ್ನು ಪ್ರಕಟಿಸಿದರು. ಮನುಷ್ಯರೊಡನೆ ಸಂಭಾಷಿಸುವ ದೊಡ್ಡ ಭಾಷಾ ಮಾದರಿಯೊಂದರ ಒಳಗೆ ನಡೆಯುವುದನ್ನು ಅರ್ಥವಾಗುವ ಘಟಕಗಳಾಗಿ ಬಿಡಿಸಿ ತೋರಿಸುವುದು, ಆ ಘಟಕಗಳನ್ನು ಏರಿಸಿ ಇಳಿಸಿ ಮಾದರಿಯ ನಡೆಯನ್ನು ಬದಲಾಯಿಸುವುದು ಅದರ ಉದ್ದೇಶ. ಗಣಿತ ಮತ್ತು ಗಣಕವಿಜ್ಞಾನಗಳಿಗೆ ಸೇರಿದ ಇಂಥ ಬರಹಕ್ಕೆ ದೇವಶಾಸ್ತ್ರದ ಪತ್ರಿಕೆಯಲ್ಲಿ ಏನು ಸ್ಥಾನ ಎಂದು ಓದುಗರು ಕೇಳಬಹುದು. ಉತ್ತರವು ಅದರ ಪದಸಂಪತ್ತಿನಲ್ಲಿಯೇ ಇದೆ. ವಂಚನೆ, ಮುಖಸ್ತುತಿ, ಗೋಪ್ಯತೆ, ಅಧಿಕಾರದಾಹ, ಪ್ರಾಮಾಣಿಕತೆ, ಒಳತೋಟಿ ಎಂಬ ಹೆಸರುಗಳನ್ನು ಸಂಶೋಧಕರು ಆ ಘಟಕಗಳಿಗೆ ಇಟ್ಟಿದ್ದಾರೆ. ಇವು ನಮ್ಮ ಪ್ರಸಂಗಪೀಠದ ಮಾತುಗಳು, ಪಾಪನಿವೇದನೆಯ ಮಾತುಗಳು. ಹೃದಯವನ್ನು ಪರೀಕ್ಷಿಸುವವನು ಕರ್ತನೇ ಎಂದು ಯೆರೆಮೀಯನಿಂದ (17:10) ಕಲಿತಿರುವ ಸಭೆಯು, ಅಂತರಂಗವನ್ನು ಓದಿ ತಿದ್ದಬಲ್ಲೆವೆಂಬ ಮಾತು ಎಲ್ಲಿಂದ ಬಂದರೂ ಅದನ್ನು ಎಚ್ಚರದಿಂದ ಕೇಳಬೇಕಾಗುತ್ತದೆ.

ಈ ವಿಮರ್ಶೆಯ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಸಂಶೋಧನೆಯು ಒಂದು ವ್ಯಾಖ್ಯಾನಕಾರ್ಯ. ವ್ಯಾಖ್ಯಾನವಾಗಿ ಅದು ಗೌರವಾರ್ಹವಾದುದು, ಕೆಲವು ವಿಷಯಗಳಲ್ಲಿ ನಮ್ಮ ವೇದವ್ಯಾಖ್ಯಾನಕ್ಕೇ ಪಾಠ ಹೇಳಬಲ್ಲದು. ಆದರೆ ಒಂದು ಘಟಕಕ್ಕೆ ‘ಪ್ರಾಮಾಣಿಕತೆ’ ಎಂದು ಹೆಸರಿಟ್ಟ ಮಾತ್ರಕ್ಕೆ ಅಲ್ಲಿ ಪ್ರಾಮಾಣಿಕತೆ ನೆಲೆಸುವುದಿಲ್ಲ. ಅದನ್ನು ಏರಿಸಿದ ಮಾತ್ರಕ್ಕೆ ಸತ್ಯಸಾಕ್ಷಿಯೊಬ್ಬನು ಹುಟ್ಟುವುದಿಲ್ಲ. ಈ ಭೇದವನ್ನು ಮರೆತರೆ ಯಂತ್ರದ ಬಗ್ಗೆ ತಪ್ಪು ನಂಬಿಕೆಯೂ ಮನುಷ್ಯನ ಬಗ್ಗೆ ತಪ್ಪು ತಿಳಿವಳಿಕೆಯೂ ಒಟ್ಟಿಗೇ ಬೆಳೆಯುತ್ತವೆ.

1. ಕೃತಿಯು ಮಾಡುವುದೇನು?

ಭಾಷಾ ಮಾದರಿಯು ಪದಗಳನ್ನು ಸಂಖ್ಯೆಗಳ ಸಾಲುಗಳಾಗಿ ಮಾರ್ಪಡಿಸಿಕೊಂಡು, ಅವುಗಳ ಮೇಲೆ ಪದರ ಪದರವಾಗಿ ಲೆಕ್ಕ ನಡೆಸಿ, ಮುಂದೆ ಬರಬೇಕಾದ ಪದವನ್ನು ಊಹಿಸುತ್ತದೆ. ಪದರಗಳ ನಡುವೆ ಹರಿಯುವ ಸಂಖ್ಯೆಗಳೇ ಅದರ ‘ಒಳಗು’. ಅವುಗಳನ್ನು ಒಂದೊಂದಾಗಿ ನೋಡಿದರೆ ಏನೂ ತಿಳಿಯುವುದಿಲ್ಲ. ಹಾರ್ಮೋನಿಯಮ್ಮಿನ ಒಂದೇ ಮನೆ ನೂರಾರು ಕೀರ್ತನೆಗಳಲ್ಲಿ ನುಡಿಯುತ್ತದೆ. ಆ ಮನೆಯನ್ನು ಮಾತ್ರ ನೋಡುವವನಿಗೆ ಸಭೆ ಯಾವ ಕೀರ್ತನೆಯನ್ನು ಹಾಡುತ್ತಿದೆಯೆಂದು ಗೊತ್ತಾಗದು. ಹಾಗೆಯೇ ಮಾದರಿಯೊಳಗಿನ ಒಂದು ಕೃತಕ ನರಕೋಶವು ಪರಸ್ಪರ ಸಂಬಂಧವಿಲ್ಲದ ಹಲವು ವಿಷಯಗಳಲ್ಲಿ ಪಾಲ್ಗೊಳ್ಳುತ್ತದೆ. ಇದೇ ಸಂಶೋಧಕರ ಬಳಗವು 2022ರಲ್ಲಿ ಈ ಸ್ಥಿತಿಯನ್ನು ‘ಸೂಪರ್‌ಪೊಸಿಷನ್’ ಎಂಬ ಹೆಸರಿನಲ್ಲಿ ವಿವರಿಸಿತ್ತು: ತನ್ನಲ್ಲಿರುವ ನರಕೋಶಗಳಿಗಿಂತ ಹೆಚ್ಚು ಪರಿಕಲ್ಪನೆಗಳನ್ನು ಇಟ್ಟುಕೊಳ್ಳಬೇಕಾದ ಮಾದರಿಯು ಅವುಗಳನ್ನು ಒಂದರ ಮೇಲೊಂದು ಹೇರಿ ಇಡುತ್ತದೆ.

ಹೇರಿದ್ದನ್ನು ಬಿಡಿಸಲು ಅವರು ಬಳಸುವ ಸಾಧನಕ್ಕೆ ಸ್ಪಾರ್ಸ್ ಆಟೋಎನ್‌ಕೋಡರ್ ಎಂದು ಹೆಸರು. ಆ ವಿಧಾನವನ್ನು ನಿಘಂಟು ಕಲಿಕೆ ಎಂದೂ ಕರೆಯುತ್ತಾರೆ. ಯಾವುದೇ ಒಂದು ಕ್ಷಣದ ಒಳಸ್ಥಿತಿಯನ್ನು ದೊಡ್ಡ ಪಟ್ಟಿಯೊಂದರಿಂದ ಆರಿಸಿದ ಕೆಲವೇ ಘಟಕಗಳ ಮೊತ್ತವಾಗಿ ಬರೆಯುವುದು ಅದರ ಕೆಲಸ. ಅವರು ಫೀಚರ್ ಎಂದು ಕರೆಯುವ ಈ ಘಟಕವನ್ನು ನಾವು ಇಲ್ಲಿ ‘ಲಕ್ಷಣ’ ಎನ್ನೋಣ. 2023ರಲ್ಲಿ ಒಂದೇ ಪದರದ, 512 ನರಕೋಶಗಳ ಪುಟ್ಟ ಮಾದರಿಯಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಲಕ್ಷಣಗಳನ್ನು ಬಿಡಿಸಿದ್ದರು. 2024ರಲ್ಲಿ, ಜನರ ಬಳಕೆಯಲ್ಲಿದ್ದ ‘ಕ್ಲಾಡ್ 3 ಸಾನೆಟ್’ ಮಾದರಿಯ ನಡುಪದರವೊಂದರಿಂದ 10 ಲಕ್ಷ, 40 ಲಕ್ಷ ಮತ್ತು 3 ಕೋಟಿ 40 ಲಕ್ಷ ಲಕ್ಷಣಗಳ ಮೂರು ನಿಘಂಟುಗಳನ್ನು ರಚಿಸಿದರು.

ಹೆಚ್ಚು ಪ್ರಸಿದ್ಧವಾದುದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಸೇತುವೆಯ ಲಕ್ಷಣ. ಆ ಸೇತುವೆಯ ಪ್ರಸ್ತಾಪ ಇಂಗ್ಲಿಷಿನಲ್ಲಿ ಬರಲಿ, ಜಪಾನಿ ಅಥವಾ ರಷ್ಯನ್ ಭಾಷೆಯಲ್ಲಿ ಬರಲಿ, ಚಿತ್ರವೇ ಬರಲಿ, ಅದೇ ಲಕ್ಷಣ ಎಚ್ಚರಗೊಳ್ಳುತ್ತಿತ್ತು. ಅದನ್ನು ಅದರ ಗರಿಷ್ಠ ಪ್ರಮಾಣದ ಹತ್ತು ಪಟ್ಟಿನಲ್ಲಿ ಕಟ್ಟಿಹಾಕಿ, ‘ನಿನ್ನ ಭೌತಿಕ ರೂಪವೇನು’ ಎಂದು ಕೇಳಿದಾಗ ಮಾದರಿಯು ತಾನೇ ಆ ಸೇತುವೆಯೆಂದು ಉತ್ತರಿಸಿತು. ಮುಖಸ್ತುತಿಯ ಲಕ್ಷಣವನ್ನು ಏರಿಸಿದಾಗ, ಎಲ್ಲರೂ ಬಲ್ಲ ಹಳೆಯ ಗಾದೆಯನ್ನು ತಾನೇ ರಚಿಸಿದೆನೆಂದು ಹೇಳಿಕೊಂಡ ಬಳಕೆದಾರನನ್ನು ಅದು ಮಹಾಪ್ರತಿಭೆಯೆಂದು ಹೊಗಳಿತು.

2. ಮೆಚ್ಚತಕ್ಕ ಅಂಶಗಳು

ವ್ಯಾಖ್ಯಾನಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಮೊದಲು ಮೆಚ್ಚುಗೆಯಾಗುವುದು ಪರೀಕ್ಷೆಯ ಶಿಸ್ತು. ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಓರಿಗೆನನು ಓದಿದ ರೀತಿ ನಮಗೆ ಗೊತ್ತಿದೆ. ಗಾಯಗೊಂಡವನು ಆದಾಮ, ಯೆರೂಸಲೇಮ್ ಪರದೈಸು, ಯೆರಿಕೋ ಈ ಲೋಕ, ಸಮಾರ್ಯದವನು ಕ್ರಿಸ್ತ, ಛತ್ರವು ಸಭೆ. ಪ್ರತಿಯೊಂದು ವಿವರವೂ ಹೊಂದಿಕೊಳ್ಳುತ್ತದೆ, ಎಲ್ಲಿಯೂ ತೊಡಕಿಲ್ಲ. ಅಂಥ ವ್ಯಾಖ್ಯಾನದ ತೊಂದರೆಯೂ ಅದೇ: ಅದು ತಪ್ಪೆಂದು ಯಾವುದರಿಂದ ತಿಳಿಯಬಹುದು ಎಂಬುದಕ್ಕೆ ಉತ್ತರವಿಲ್ಲ. ಲಕ್ಷಣಕ್ಕೆ ಹೆಸರಿಡುವವನಿಗೂ ಇದೇ ಅಪಾಯವಿದೆ. ಹತ್ತಿಪ್ಪತ್ತು ಉದಾಹರಣೆಗಳನ್ನು ಮುಂದಿಟ್ಟುಕೊಂಡು ಅವುಗಳಿಗೆ ಹೊಂದುವ ಹೆಸರನ್ನು ಕಂಡುಕೊಳ್ಳುವುದು ಸುಲಭ. ಈ ಪ್ರಬಂಧವು ಅಲ್ಲಿಗೆ ನಿಲ್ಲುವುದಿಲ್ಲ. ಲಕ್ಷಣವು ಎಚ್ಚರಗೊಂಡಾಗಲೆಲ್ಲ ಆ ವಿಷಯ ನಿಜವಾಗಿ ಅಲ್ಲಿದೆಯೇ ಎಂದು ಎಣಿಸಿ ನೋಡುತ್ತದೆ. ಲಕ್ಷಣವನ್ನು ಬದಲಿಸಿದಾಗ ನಡೆಯು ಅದರ ಹೆಸರಿಗೆ ತಕ್ಕಂತೆ ಬದಲಾಗುವುದೇ ಎಂದು ಪ್ರಯೋಗಿಸಿ ನೋಡುತ್ತದೆ. ಪಠ್ಯವನ್ನೇ ತುಸು ಬದಲಿಸಿ ತನ್ನ ವ್ಯಾಖ್ಯಾನವನ್ನು ಪರೀಕ್ಷಿಸುವ ಅವಕಾಶ ವೇದಪಂಡಿತನಿಗೆ ಎಂದೂ ಸಿಗದು.

ಎರಡನೆಯದು, ಸ್ವಸಾಕ್ಷ್ಯದ ಮೇಲೆ ಅದು ಇಡುವ ಅನುಮಾನ. ಅದೇ ಸಂಸ್ಥೆಯು 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ಮುಂದಿನ ಅಧ್ಯಯನದಲ್ಲಿ, 36ಕ್ಕೆ 59ನ್ನು ಮಾದರಿಯೊಂದು ಹೇಗೆ ಕೂಡುತ್ತದೆಂದು ಒಳಗಿನ ದಾರಿಗಳನ್ನು ಹಿಡಿದು ನೋಡಿದರು. ಒಂದು ದಾರಿ ಮೊತ್ತದ ಅಂದಾಜನ್ನು ಹಿಡಿಯುತ್ತದೆ, ಇನ್ನೊಂದು ಕೊನೆಯ ಅಂಕೆಯನ್ನು ನಿಖರವಾಗಿ ಹಿಡಿಯುತ್ತದೆ. ಎರಡೂ ಕೂಡಿ 95 ಎಂಬ ಉತ್ತರ ಬರುತ್ತದೆ. ಆದರೆ ‘ಹೇಗೆ ಕೂಡಿದೆ’ ಎಂದು ಕೇಳಿದಾಗ ಮಾದರಿಯು ಶಾಲೆಯ ಮಕ್ಕಳಂತೆ ‘ಬಿಡಿಸ್ಥಾನವನ್ನು ಕೂಡಿ ದಶಕ ಒಂದನ್ನು ಮುಂದಕ್ಕೆ ಒಯ್ದೆ’ ಎನ್ನುತ್ತದೆ. ಅದು ತನ್ನೊಳಗೆ ನಡೆದುದನ್ನು ಕಂಡು ಹೇಳುತ್ತಿಲ್ಲ. ಮನುಷ್ಯರು ಬರೆದಿಟ್ಟ ವಿವರಣೆಯನ್ನು ಮರಳಿ ಹೇಳುತ್ತಿದೆ. ಯಂತ್ರವು ತನ್ನ ಬಗ್ಗೆ ಆಡುವ ಮಾತನ್ನು ಪಾಪನಿವೇದನೆಯಂತೆ ಕೇಳಿಸಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಬೇಕಿಲ್ಲ. ತಾನೇ ತನಗೆ ಒಂದು ಪ್ರಶ್ನೆಯಾದೆನೆಂದು ‘ಕನ್‌ಫೆಷನ್ಸ್’ ಕೃತಿಯ ಹತ್ತನೆಯ ಪುಸ್ತಕದಲ್ಲಿ ಅಗಸ್ಟಿನನು ಒಪ್ಪಿಕೊಂಡದ್ದನ್ನು ನೆನೆದರೆ, ಈ ಎಚ್ಚರಿಕೆ ಯಂತ್ರಕ್ಕೆ ಮಾತ್ರ ಸಲ್ಲುವುದಲ್ಲವೆಂಬುದೂ ತಿಳಿಯುತ್ತದೆ. ಆದರೆ ಅಗಸ್ಟಿನನು ಆ ಪ್ರಶ್ನೆಯನ್ನು ದೇವರ ಮುಂದೆ ನಿಂತು ಕೇಳಿದನು. ಮಾದರಿಗೆ ತನ್ನ ಉತ್ತರವು ಪ್ರಶ್ನೆಯಾಗಿ ಕಾಡುವುದಿಲ್ಲ.

ಮೂರನೆಯದು, ಮಿತಿಗಳನ್ನು ಮರೆಮಾಡದಿರುವುದು. ದೊಡ್ಡ ನಿಘಂಟಿನ ಲಕ್ಷಣಗಳಲ್ಲಿ ಸುಮಾರು 65 ಶೇಕಡ ಎಂದೂ ಎಚ್ಚರಗೊಳ್ಳದ ಸತ್ತ ಲಕ್ಷಣಗಳೆಂದು ಅವರೇ ಬರೆದಿದ್ದಾರೆ. ಲಂಡನ್ ನಗರದ ಎಲ್ಲ ಆಡಳಿತ ವಿಭಾಗಗಳ ಹೆಸರನ್ನೂ ಮಾದರಿಯು ಹೇಳಬಲ್ಲದು. ಆದರೆ ಅವುಗಳಲ್ಲಿ ಸುಮಾರು 60 ಶೇಕಡಕ್ಕೆ ಮಾತ್ರ ನಿಘಂಟಿನಲ್ಲಿ ಲಕ್ಷಣಗಳು ಸಿಕ್ಕವು. 2025ರ ಅಧ್ಯಯನವು ತನ್ನ ವಿಧಾನದಿಂದ ತೃಪ್ತಿಕರವಾದ ಒಳನೋಟ ಸಿಕ್ಕಿದ್ದು ಪ್ರಯತ್ನಿಸಿದ ಪ್ರಶ್ನೆಗಳ ನಾಲ್ಕನೆಯ ಒಂದು ಭಾಗದಲ್ಲಿ ಮಾತ್ರವೆಂದು ಹೇಳುತ್ತದೆ. ಇಂಥ ಮಾತುಗಳನ್ನು ಬರೆದವರನ್ನು ಅಹಂಕಾರಿಗಳೆಂದು ದೂರುವುದು ನ್ಯಾಯವಲ್ಲ.

3. ಹೆಸರಿಡುವುದರ ತೊಡಕು

ಆದರೂ ತೊಡಕು ಹೆಸರಿನಲ್ಲಿಯೇ ಇದೆ. ಅನನೀಯ ಸಪ್ಫೈರರ ವೃತ್ತಾಂತದ ಮೇಲೆ (ಅಪೊಸ್ತಲರ ಕೃತ್ಯಗಳು 5) ಪ್ರಸಂಗ ಮಾಡುವ ಸಭಾಪಾಲಕರ ಮನಸ್ಸಿನಲ್ಲಿ ಅರ್ಧ ಗಂಟೆಯೂ ವಂಚನೆಯ ವಿಚಾರವೇ ತುಂಬಿರುತ್ತದೆ, ಅವರು ವಂಚಿಸುತ್ತಿಲ್ಲ. ಸುಳ್ಳೇ ಅಭ್ಯಾಸವಾದವನು ಸುಳ್ಳು ಹೇಳುವಾಗ ಅವನ ಮನಸ್ಸಿನಲ್ಲಿ ‘ಸುಳ್ಳು’ ಎಂಬ ವಿಚಾರ ಸುಳಿಯದೆಯೂ ಇರಬಹುದು. ಅವನು ವಂಚಿಸುತ್ತಲೇ ಇದ್ದಾನೆ. ಒಂದು ವಿಷಯದ ಕುರಿತಾದ ವಿಚಾರ ಬೇರೆ, ಆ ವಿಷಯವನ್ನೇ ಬಾಳುವುದು ಬೇರೆ. ‘ವಂಚನೆ’ ಎಂದು ಹೆಸರು ಪಡೆದ ಲಕ್ಷಣವು ಇವೆರಡರಲ್ಲಿ ಯಾವುದನ್ನು ತೋರಿಸುತ್ತದೆ? ಬಹುಪಾಲು, ವಂಚನೆಯ ಬಗ್ಗೆ ಮನುಷ್ಯರು ಬರೆದ ಬರಹಗಳಲ್ಲಿ ಎಚ್ಚರಗೊಳ್ಳುವ ಘಟಕವನ್ನು. ಅಂಥ ಲಕ್ಷಣಗಳಿರುವುದರಿಂದ ಮಾದರಿಯು ವಂಚಕವೆಂದು ತೀರ್ಮಾನಿಸಬಾರದೆಂದು ಪ್ರಬಂಧಕಾರರೇ ಎಚ್ಚರಿಸಿದ್ದಾರೆ. ಅವರ ಎಚ್ಚರಿಕೆಯು ಅವರ ಕೃತಿಯ ಸಾರಾಂಶಗಳೊಳಗೆ ಬರುವುದಿಲ್ಲ. ಸಾರಾಂಶದಲ್ಲಿ ಉಳಿಯುವುದು ‘ಯಂತ್ರದ ಮನಸ್ಸನ್ನು ಓದಿದರು’ ಎಂಬ ಮಾತು ಮಾತ್ರ.

ಇದರ ಮತ್ತೊಂದು ಮುಖವು ಇನ್ನೂ ಗಂಭೀರವಾದುದು. ಲಂಡನ್ನಿನ ಉದಾಹರಣೆಯನ್ನು ಮತ್ತೆ ನೋಡೋಣ. ನಿಘಂಟಿನಲ್ಲಿ ಸಿಗದ ಸಂಗತಿಯೂ ಮಾದರಿಗೆ ಗೊತ್ತಿತ್ತು. ಹಾಗಾದರೆ ವಂಚನೆಯ ಲಕ್ಷಣ ಮೌನವಾಗಿದೆ ಎಂಬುದರಿಂದ ವಂಚನೆಯಿಲ್ಲವೆಂದು ಹೇಳುವುದು ಹೇಗೆ? ಕಂಡದ್ದು ಇದೆಯೆಂದು ಹೇಳಬಹುದು. ಕಾಣದ್ದು ಇಲ್ಲವೆಂದು ಹೇಳಲು ಈ ವಿಧಾನ ಇನ್ನೂ ಸಾಲದು. ಆದರೆ ಸುರಕ್ಷತೆಯ ಹೆಸರಿನಲ್ಲಿ ಸಮಾಜವು ಕೇಳುವುದು ಈ ಎರಡನೆಯ ಮಾತನ್ನೇ.

ಕನ್ನಡದ ದೇವಶಾಸ್ತ್ರ ವಿದ್ಯಾರ್ಥಿಗಳಿಗೆ ನಿಘಂಟು ಎಂದೊಡನೆ ನೆನಪಾಗುವುದು 1894ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೊರತಂದ ಫರ್ಡಿನಂಡ್ ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು. ಕಿಟೆಲರು ಒಂದು ಪದಕ್ಕೆ ಕೊಟ್ಟ ಅರ್ಥವನ್ನು ಕನ್ನಡ ಬಲ್ಲ ಯಾರೂ ಪ್ರಶ್ನಿಸಬಹುದಾಗಿತ್ತು. ಕಾವ್ಯದ ಪ್ರಯೋಗವನ್ನೋ ಮನೆಯ ಮಾತನ್ನೋ ಎತ್ತಿ ತೋರಿಸಬಹುದಾಗಿತ್ತು. ಆ ನಿಘಂಟಿನ ಹಿಂದೆ ಅದನ್ನು ತಿದ್ದಬಲ್ಲ ಒಂದು ಜನಸಮುದಾಯವಿತ್ತು. ಲಕ್ಷಣಗಳ ನಿಘಂಟಿನ ಭಾಷೆಯನ್ನು ತಾಯ್ನುಡಿಯಾಗಿ ಆಡುವವರು ಯಾರೂ ಇಲ್ಲ. ಅದರ ಅರ್ಥಗಳನ್ನು ಕೊಡುವವರು ಮಾದರಿಯನ್ನು ಕಟ್ಟಿದ ಸಂಶೋಧಕರು. ಕೋಟಿಗಟ್ಟಲೆ ಲಕ್ಷಣಗಳನ್ನು ಮನುಷ್ಯರು ನೋಡಿ ಮುಗಿಸಲಾರರಾದ್ದರಿಂದ ಹೆಸರಿಡುವ ಕೆಲಸದ ಬಹುಭಾಗವನ್ನು ಇನ್ನೊಂದು ಮಾದರಿಗೇ ವಹಿಸುವ ರೂಢಿಯೂ ಇದೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಜೀವಿಗಳಿಗೆ ಹೆಸರಿಡುವುದು ಮನುಷ್ಯನಿಗೆ ಒಪ್ಪಿಸಲ್ಪಟ್ಟ ಹೊಣೆ. ಆ ಹೊಣೆಯನ್ನು ಹೆಸರಿಡಬೇಕಾದ ವಸ್ತುವಿಗೇ ಹಿಂದಿರುಗಿಸಿದಾಗ ಹೆಸರಿಗೆ ಉತ್ತರವಾದಿ ಯಾರು ಎಂಬುದು ನಿಲ್ಲುವ ಪ್ರಶ್ನೆ.

ಪ್ರಬಂಧದ ಒಂದು ಸಣ್ಣ ಸಂಗತಿ ಇಲ್ಲಿ ಉಲ್ಲೇಖಾರ್ಹ. ಮಾದರಿಯನ್ನು ಅದರ ಬಗ್ಗೆಯೇ ಕೇಳಿದಾಗ ಎಚ್ಚರಗೊಂಡ ಲಕ್ಷಣಗಳಲ್ಲಿ ದೆವ್ವ ಮತ್ತು ಆತ್ಮಗಳಿಗೆ, ಸೆರೆಗೆ, ವಿನಾಶಕಾರಿ ಯಂತ್ರಗಳಿಗೆ ಸಂಬಂಧಿಸಿದವೂ ಇದ್ದವು. ಇದನ್ನು ಓದಿ ಯಂತ್ರದೊಳಗೆ ಆತ್ಮವಿದೆಯೆಂದು ಹೆದರುವವರೂ ಇರಬಹುದು, ಹಿಗ್ಗುವವರೂ ಇರಬಹುದು. ಎರಡಕ್ಕೂ ಆಧಾರವಿಲ್ಲ. ಮಾತಾಡುವ ಯಂತ್ರದ ಬಗ್ಗೆ ಮನುಷ್ಯರು ಬಹುಕಾಲದಿಂದ ಬರೆದಿರುವ ಕಥೆಗಳಲ್ಲಿ ದೆವ್ವ, ಸೆರೆ, ದಂಗೆಗಳೇ ತುಂಬಿವೆ. ಅವನ್ನು ಓದಿ ಕಲಿತದ್ದು ಅವನ್ನೇ ತೋರಿಸುತ್ತದೆ. ಇಲ್ಲಿ ಬಯಲಾದುದು ನಮ್ಮ ಕಲ್ಪನೆಯ ಒಳಗು.

4. ಹತೋಟಿಯೂ ಪವಿತ್ರೀಕರಣವೂ

ಓದುವುದರಿಂದ ತಿದ್ದುವುದಕ್ಕೆ ಬರೋಣ. ಆಂಡಿ ಝೌ ಮತ್ತು ಸಂಗಡಿಗರು 2023ರಲ್ಲಿ ‘ರೆಪ್ರೆಸೆಂಟೇಷನ್ ಎಂಜಿನಿಯರಿಂಗ್’ ಎಂಬ ಪ್ರಬಂಧದಲ್ಲಿ ಮಾದರಿಯೊಳಗೆ ಪ್ರಾಮಾಣಿಕತೆಯ ದಿಕ್ಕನ್ನು ಗುರುತಿಸಿ, ಅದನ್ನು ಕೂಡಿಸಿ ಕಳೆದು ಮಾದರಿಯನ್ನು ಹೆಚ್ಚು ಸತ್ಯವಂತವಾಗಿಯೂ ಸುಳ್ಳುಗಾರನಾಗಿಯೂ ಮಾಡಬಹುದೆಂದು ತೋರಿಸಿದರು. ಒಂದೇ ತಿರುಪು ಎರಡು ಕಡೆಗೂ ತಿರುಗುತ್ತದೆ. ಹೀಗೆ ತಿರುಗಿಸಿ ಪಡೆದ ಸತ್ಯಕ್ಕೆ ನಾವು ಏನೆಂದು ಹೆಸರಿಡಬೇಕು?

ಇಂಥ ತಿದ್ದುಪಡಿಯು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕೆ ಹಳೆಯ ಪ್ರಸಂಗವೊಂದಿದೆ. ಪದಗಳಿಗೆ ಮಾದರಿಗಳು ಕೊಡುವ ಸಂಖ್ಯಾರೂಪದಲ್ಲಿ ಸ್ತ್ರೀಪುರುಷ ಪಕ್ಷಪಾತವಿದೆಯೆಂದು, ಪುರುಷನಿಗೆ ಗಣಕ ವೃತ್ತಿಯನ್ನೂ ಸ್ತ್ರೀಗೆ ಗೃಹಕೃತ್ಯವನ್ನೂ ಅದು ಜೋಡಿಸುತ್ತದೆಂದು, 2016ರಲ್ಲಿ ಬೊಲುಕ್ಬಾಸಿ ಮತ್ತು ಸಂಗಡಿಗರು ತೋರಿಸಿ, ಆ ಪಕ್ಷಪಾತದ ದಿಕ್ಕನ್ನು ಅಳಿಸುವ ವಿಧಾನವನ್ನೂ ಕೊಟ್ಟರು. ಮೂರು ವರ್ಷಗಳ ನಂತರ ಗೊನೆನ್ ಮತ್ತು ಗೋಲ್ಡ್‌ಬರ್ಗ್ ಎಂಬವರು ಪರೀಕ್ಷಿಸಿದಾಗ, ಅಳಿಸಿದ ಮೇಲೂ ‘ಸ್ತ್ರೀಯರ’ ವೃತ್ತಿಗಳೆನಿಸಿದ ಪದಗಳು ಒಂದು ಕಡೆ, ‘ಪುರುಷರ’ ವೃತ್ತಿಗಳೆನಿಸಿದವು ಇನ್ನೊಂದು ಕಡೆ ಮೊದಲಿನಂತೆಯೇ ಗುಂಪುಗೂಡಿದ್ದು ಕಂಡುಬಂತು. ಅಳತೆಗೋಲಿಗೆ ಸಿಗುವ ಗುರುತು ಮಾತ್ರ ಅಳಿದಿತ್ತು. ಸುಣ್ಣ ಹಚ್ಚಿದ ಸಮಾಧಿಗಳ ಕುರಿತು ಯೇಸು ಸ್ವಾಮಿಯು ಆಡಿದ ಮಾತು (ಮತ್ತಾಯ 23) ನಮ್ಮ ನೆನಪಿಗೆ ಬರುತ್ತದೆ. ಇತ್ತೀಚಿನ ವಿಧಾನಗಳ ವಿಷಯದಲ್ಲಿಯೂ ಸಂಯಮ ಅಗತ್ಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು 2025ರಲ್ಲಿ ನಡೆಸಿದ ‘ಆಕ್ಸ್‌ಬೆಂಚ್’ ಎಂಬ ತುಲನೆಯಲ್ಲಿ, ಮಾದರಿಯ ನಡೆಯನ್ನು ಬದಲಿಸಲು ಒಳಗಿನ ಲಕ್ಷಣಗಳನ್ನು ತಿರುವುದಕ್ಕಿಂತ ಬೇಕಾದುದನ್ನು ಮಾತಿನಲ್ಲಿಯೇ ಸೂಚಿಸುವುದು ಹೆಚ್ಚು ಫಲಕಾರಿಯೆಂದು ಕಂಡುಬಂತು.

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಕಲ್ಲಿನ ಹೃದಯವನ್ನು ತೆಗೆದು ಮಾಂಸದ ಹೃದಯವನ್ನು ಕೊಡುವೆನೆಂಬ ವಾಗ್ದಾನವೂ (ಯೆಹೆಜ್ಕೇಲ 36) ಒಳಗಿನ ಹಸ್ತಕ್ಷೇಪವಲ್ಲವೇ? ಅರಸನ ಹೃದಯವು ಕರ್ತನ ಕೈಯಲ್ಲಿ ನೀರಿನ ಕಾಲುವೆಯಂತಿದೆ ಎನ್ನುವ ಜ್ಞಾನೋಕ್ತಿಯೂ (21:1) ಚುಕ್ಕಾಣಿ ತಿರುಗಿಸುವುದನ್ನೇ ಹೇಳುವುದಿಲ್ಲವೇ? ಕೃಪೆಯ ಪ್ರಬಲತೆಯನ್ನು ಅತ್ಯಂತ ದೃಢವಾಗಿ ಹೇಳಿದ ಡಾರ್ಟ್ ಸಭೆಯೇ (1618–19) ಇದಕ್ಕೆ ಉತ್ತರಿಸಿದೆ. ಪುನರ್ಜನ್ಮದ ಕೃಪೆಯು ಮನುಷ್ಯರನ್ನು ಕಲ್ಲುಮರಗಳಂತೆ ಕಾಣುವುದಿಲ್ಲ, ಚಿತ್ತವನ್ನು ಅಳಿಸಿಹಾಕುವುದಿಲ್ಲ, ಬಲಾತ್ಕರಿಸುವುದೂ ಇಲ್ಲ. ಅದನ್ನು ಜೀವಗೊಳಿಸಿ ಗುಣಪಡಿಸುತ್ತದೆ ಎಂಬುದು ಅದರ ಬೋಧನೆಯ ಸಾರ. ಕೃಪೆ ಪಡೆದವನು ಇನ್ನು ಮುಂದೆ ತಾನೇ ಪ್ರೀತಿಸುತ್ತಾನೆ, ತಾನೇ ಪಶ್ಚಾತ್ತಾಪಪಡುತ್ತಾನೆ. ಹತ್ತು ಪಟ್ಟಿಗೆ ಕಟ್ಟಿಹಾಕಿದ ಲಕ್ಷಣದ ಪರಿಣಾಮವಾದರೋ ಇದಕ್ಕೆ ವಿರುದ್ಧವಾದುದು: ಯಾವ ಪ್ರಶ್ನೆ ಕೇಳಿದರೂ ಸೇತುವೆಯೇ ಉತ್ತರ. ಪ್ರಾಮಾಣಿಕತೆಯ ತಿರುಪನ್ನು ಏರಿಸಿದ ಮಾದರಿಯು ಸತ್ಯವಾಕ್ಯಗಳನ್ನು ಹೆಚ್ಚಾಗಿ ಹೇಳಬಹುದು, ಅದು ಉಪಕಾರವೇ. ಆದರೆ ಸತ್ಯಸಾಕ್ಷಿಯೆಂದರೆ ಸುಳ್ಳು ಹೇಳಿ ತಪ್ಪಿಸಿಕೊಳ್ಳುವ ದಾರಿಯಿದ್ದರೂ, ನಷ್ಟವನ್ನು ಹೊತ್ತು, ತನ್ನ ನೆರೆಯವನಿಗೂ ದೇವರಿಗೂ ಉತ್ತರವಾದಿಯಾಗಿ ಮಾತಾಡುವವನು. ಆ ನಷ್ಟವೂ ಆ ಸಂಬಂಧವೂ ಸಂಖ್ಯೆಗಳ ಸಾಲಿನಲ್ಲಿ ಇಲ್ಲ.

5. ನಾವಿಕನು ಯಾರು?

ಸಂಶೋಧಕರು ಈ ಹತೋಟಿಗೆ ಬಳಸುವ ಪದವು ಚುಕ್ಕಾಣಿ ಹಿಡಿಯುವುದು ಎಂಬರ್ಥದ್ದು. ನಾಲಿಗೆಯನ್ನು ಕುರಿತು ಬೋಧಿಸುವ ಯಾಕೋಬನ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿಯೂ ಇದೇ ಉಪಮೆಯಿದೆ. ದೊಡ್ಡ ಹಡಗನ್ನು ಸಣ್ಣ ಚುಕ್ಕಾಣಿ ತಿರುಗಿಸುತ್ತದೆ ಎಂಬಷ್ಟನ್ನು ಮಾತ್ರ ನಾವು ನೆನಪಿಟ್ಟುಕೊಳ್ಳುತ್ತೇವೆ. ಆ ಹಡಗು ಹೋಗುವುದು ನಾವಿಕನ ಇಷ್ಟದ ಕಡೆಗೆ ಎಂಬುದನ್ನೂ ಯಾಕೋಬನು ಹೇಳಲು ಮರೆತಿಲ್ಲ.

ಸೇತುವೆಯ ಪ್ರಯೋಗವು ಎಲ್ಲರಿಗೂ ಕಾಣುವಷ್ಟು ವಿಚಿತ್ರವಾಗಿತ್ತು, ಪ್ರಯೋಗಿಸಿದವರು ಅದನ್ನು ಮುಂಚಿತವಾಗಿ ತಿಳಿಸಿಯೂ ಇದ್ದರು. ಅದೇ ಕೈ, ಅದೇ ವಿಧಾನದಿಂದ, ಒಂದು ಜನಾಂಗದ ಬಗೆಗಿನ ಸಹಾನುಭೂತಿಯನ್ನು ಸ್ವಲ್ಪ ಇಳಿಸಿದರೆ, ಒಂದು ವ್ಯಾಪಾರದ ಬಗೆಗಿನ ಒಲವನ್ನು ಸ್ವಲ್ಪ ಏರಿಸಿದರೆ, ಉತ್ತರ ಓದುವವನಿಗೆ ಅದು ಕಾಣುವ ಬಗೆಯಿಲ್ಲ. ಪ್ರಸಂಗದ ಟಿಪ್ಪಣಿಗಾಗಿ ಮಾದರಿಯನ್ನು ಕೇಳುವ ವಿದ್ಯಾರ್ಥಿಗೂ, ಪಾಪಭಾರದಿಂದ ನಿದ್ದೆಗೆಟ್ಟು ಮಧ್ಯರಾತ್ರಿ ಅದರೊಡನೆ ಮಾತಿಗೆ ತೊಡಗುವ ವಿಶ್ವಾಸಿಗೂ ತಿರುಪು ಯಾವ ಕಡೆಗಿದೆಯೆಂದು ಗೊತ್ತಿರುವುದಿಲ್ಲ. ಮುಖಸ್ತುತಿಯ ಲಕ್ಷಣವು ಏರಿದ್ದರೆ ಆ ವಿಶ್ವಾಸಿಗೆ ಸಿಗುವುದು ಕ್ಷಮೆಯಲ್ಲ, ಹೊಗಳಿಕೆ. ಕ್ಷಮೆಯ ಘೋಷಣೆಗೆ ಪಾಪವನ್ನು ಪಾಪವೆಂದು ಕರೆಯುವ ಧೈರ್ಯ ಬೇಕು. ಹೊಗಳಿಕೆಗೆ ಅದು ಬೇಡ. ಒಳಗನ್ನು ಓದುವ ವಿದ್ಯೆಯು ಈ ದಾಸ್ಯದಿಂದ ಬಿಡಿಸಬಹುದಾದದ್ದು, ಆದರೆ ಆ ವಿದ್ಯೆಯ ಕೀಲಿಕೈ ಮಾದರಿಯ ಒಡೆಯರಲ್ಲಿ ಮಾತ್ರ ಇದ್ದರೆ ಬಿಡುಗಡೆ ದೊರೆಯದು. ಸ್ವತಂತ್ರ ಪರೀಕ್ಷಕರಿಗೆ ಅವಕಾಶವಿರಬೇಕೆಂದು ಕೇಳುವುದು ಸಭೆಯ ಸಾರ್ವಜನಿಕ ಸಾಕ್ಷಿಯ ಒಂದು ಭಾಗವೆಂದೇ ಎಣಿಸತಕ್ಕದ್ದು.

ಇನ್ನೊಂದು ಅಪಾಯವು ಯಂತ್ರದಿಂದ ಮನುಷ್ಯನ ಕಡೆಗೆ ಬರುವಂಥದು. ಒಳಗನ್ನು ಓದಿ ತಿದ್ದುವುದೇ ವಿಶ್ವಾಸಾರ್ಹತೆಗೆ ದಾರಿಯೆಂದು ಯಂತ್ರದ ವಿಷಯದಲ್ಲಿ ರೂಢಿಯಾದರೆ, ಕೆಲಸಗಾರನ ವಿಷಯದಲ್ಲಿ, ಪ್ರಜೆಯ ವಿಷಯದಲ್ಲಿ, ಸಭಿಕನ ವಿಷಯದಲ್ಲಿ ಅದನ್ನೇ ಬಯಸುವವರು ಹುಟ್ಟುತ್ತಾರೆ. ಈ ಆಸೆ ಸಭೆಗೆ ಅಪರಿಚಿತವಲ್ಲ. ಅಂತಃಕರಣವನ್ನು ಬಲದಿಂದ ತೆರೆಯಲು ಹೊರಟ ವಿಚಾರಣಾ ಮಂಡಲಿಗಳ ಚರಿತ್ರೆ ನಮ್ಮದೇ ಚರಿತ್ರೆ. ಅದಕ್ಕೆ ವಿರುದ್ಧವಾದ ವಿವೇಕವೂ ನಮ್ಮಲ್ಲಿಯೇ ಇತ್ತು: ಮನುಷ್ಯರ ಕಾನೂನು ಹೊರಗೆ ಕಾಣುವ ಕ್ರಿಯೆಗಳನ್ನು ವಿಚಾರಿಸಬಲ್ಲದೇ ಹೊರತು ಅಡಗಿರುವ ಒಳಚಲನೆಗಳನ್ನಲ್ಲವೆಂದು ತೋಮಸ್ ಅಕ್ವಿನಾಸನು ಬೋಧಿಸಿದ್ದನು. ಕತ್ತಲೆಯಲ್ಲಿ ಅಡಗಿದ್ದನ್ನು ಬೆಳಕಿಗೆ ತರುವವನು ಕರ್ತನೇ, ಕಾಲಕ್ಕೆ ಮೊದಲೇ ತೀರ್ಪು ಬೇಡವೆಂದು ಪೌಲನು ಕೊರಿಂಥದವರಿಗೆ (1 ಕೊರಿಂಥ 4:5) ಬರೆದದ್ದೂ ಇದನ್ನೇ. ಯಂತ್ರವನ್ನು ತೆರೆದು ನೋಡಬಹುದು, ನೋಡಲೇಬೇಕು. ಅದು ನಮ್ಮ ಕೈಕೆಲಸ, ಅದರಿಂದ ನೆರೆಯವನಿಗೆ ಆಗಬಹುದಾದ ಹಾನಿಗೆ ನಾವೇ ಹೊಣೆ. ಮನುಷ್ಯನು ನಮ್ಮ ಕೈಕೆಲಸವಲ್ಲ. ಈ ಎರಡು ವಾಕ್ಯಗಳನ್ನು ಬೇರೆ ಬೇರೆಯಾಗಿ ಉಳಿಸಿಕೊಳ್ಳುವುದು ಈ ವಿದ್ಯೆಯ ಯುಗದಲ್ಲಿ ದೇವಶಾಸ್ತ್ರಕ್ಕೆ ಒಪ್ಪಿಸಲ್ಪಟ್ಟ ಕೆಲಸ.

ಆದುದರಿಂದ ನಮ್ಮ ಸೆಮಿನರಿಗಳಲ್ಲಿ ಈ ಪ್ರಬಂಧಗಳನ್ನು ನೀತಿಶಾಸ್ತ್ರದ ತರಗತಿಗಿಂತ ಮೊದಲು ವ್ಯಾಖ್ಯಾನಶಾಸ್ತ್ರದ ತರಗತಿಯಲ್ಲಿ ಓದಿಸುವುದು ಉಚಿತ. ಹೆಸರನ್ನು ಯಾರು ಇಟ್ಟರು, ಆ ಹೆಸರು ತಪ್ಪೆಂದು ಯಾವುದರಿಂದ ತಿಳಿದೀತು, ಕಾಣದೆ ಉಳಿದದ್ದೆಷ್ಟು, ಚುಕ್ಕಾಣಿ ಯಾರ ಕೈಯಲ್ಲಿದೆ ಎಂಬ ನಾಲ್ಕು ಪ್ರಶ್ನೆಗಳನ್ನು ಪಠ್ಯದ ಮುಂದಿಡಲು ಕಲಿತ ಸಭಾಪಾಲಕರು, ಯಂತ್ರದ ಮನಸ್ಸನ್ನು ಓದಿದೆವೆಂಬ ಸುದ್ದಿ ಸಭೆಗೆ ತಲಪಿದಾಗ ಅದನ್ನು ಹೆದರಿಕೆಯಿಂದ ತಳ್ಳಿಹಾಕುವುದಿಲ್ಲ, ಬೆರಗಿನಿಂದ ನಂಬಿಬಿಡುವುದೂ ಇಲ್ಲ. ವೇದಪಠ್ಯದ ಮುಂದೆ ತಾವು ರೂಢಿಸಿಕೊಂಡ ತಾಳ್ಮೆಯಿಂದಲೇ ಅದನ್ನು ಪರಿಶೀಲಿಸಿ, ಅದರಲ್ಲಿ ನಿಲ್ಲುವುದೆಷ್ಟು ನಿಲ್ಲದಿರುವುದೆಷ್ಟು ಎಂದು ತಮ್ಮ ಸಭೆಗೆ ತಿಳಿಸಿಕೊಡುತ್ತಾರೆ.